ಓದುಗರ ಪ್ರಶ್ನೆ: ಐಕ್ಯೂ ಅಂಕಿ ಒಂದರಿಂದ ಮಗುವಿನ ತೊಡಕು ತಿಳಿಯದು

ಪ್ರಶ್ನೆ: ಮಗನಿಗೆ 9 ವರ್ಷ, ಇಂಗ್ಲಿಷ್ ಮಾಧ್ಯಮದ ನಾಲ್ಕನೇ ತರಗತಿ. ಮನೆಯಲ್ಲಿ ನಾವು ಮಾತಾಡುವುದು ತುಳು. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ, ಬರೆಯಲು ಕೂತರೆ ‘ಕತ್ತೆ’ ಹೋಗಿ ‘ಕತೆ’ ಆಗುತ್ತದೆ. ಶಾಲೆಯವರು ಐಕ್ಯೂ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಕಡಿಮೆ ಬಂದರೆ ದಡ್ಡ ಎಂದುಬಿಡುತ್ತಾರೋ ಎಂದು ಭಯ.
– ಒಬ್ಬ ತಾಯಿ, ಕಾಪು

ಉತ್ತರ: ‘ಬಾಯಲ್ಲಿ ಹೇಳುತ್ತಾನೆ, ಬರೆಯಲಾರ’ ಎಂದಿರಲ್ಲ, ಪರೀಕ್ಷಿಸುವವರಿಗೆ ಮೊದಲು ತಿಳಿಸಬೇಕಾದದ್ದು ಅದನ್ನೇ. ಅದಕ್ಕೂ ಮುಂಚೆ ಕಣ್ಣು ಮತ್ತು ಕಿವಿ ಪರೀಕ್ಷೆ ಆಗಲಿ. ಪದೇಪದೇ ಶೀತವಾಗಿ ಕಿವಿ ಕಟ್ಟಿಕೊಳ್ಳುವ ಮಗುವಿಗೆ ಒತ್ತಕ್ಷರ ಸರಿಯಾಗಿ ಕೇಳಿಸದೆಯೂ ಇರಬಹುದು.

ಐಕ್ಯೂ ಪರೀಕ್ಷೆಯಲ್ಲಿ ಬಣ್ಣದ ಘನಗಳನ್ನು ಚಿತ್ರದಂತೆ ಜೋಡಿಸುವುದು, ಅಂಕಿಗಳನ್ನು ಕೇಳಿ ಹಿಂದುಮುಂದಾಗಿ ಹೇಳುವುದು, ಪದಗಳ ಅರ್ಥ ವಿವರಿಸುವುದು, ಚಿಹ್ನೆಗಳನ್ನು ಬೇಗಬೇಗ ನಕಲು ಮಾಡುವುದು ಇಂಥ ಕೆಲಸಗಳಿರುತ್ತವೆ. ಸತತವಾಗಿ ತಪ್ಪಾಗುವ ತನಕ ಕಷ್ಟ ಏರುತ್ತಲೇ ಹೋಗುತ್ತದೆ. ಹಾಗಾಗಿ ಯಾವ ಮಗುವಿಗೂ ಎಲ್ಲ ಬರುವುದಿಲ್ಲ. ಇದನ್ನು ಅವನಿಗೆ ಮೊದಲೇ ಹೇಳಿಡಿ.

ಸರಾಸರಿ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರೊಳಗೆ ಬರುತ್ತಾರೆ. ಆದರೆ ಒಟ್ಟು ಅಂಕಿಗಿಂತ ಭಾಗಗಳ ಅಂಕಿ ನೋಡುವುದು ಮುಖ್ಯ. ಘನ ಜೋಡಣೆಯಲ್ಲಿ 115, ಅಂಕಿ ನೆನಪಿನಲ್ಲಿ 78 ಬಂದ ಮಗುವಿಗೆ ‘ಒಟ್ಟು 95’ ಎಂದು ಬರೆದರೆ ಅವನ ಶಕ್ತಿಯೂ ಕಾಣುವುದಿಲ್ಲ, ತೊಡಕೂ ಕಾಣುವುದಿಲ್ಲ.

ನಮ್ಮ ಕರಾವಳಿಯಲ್ಲಿ ಹೆಚ್ಚು ಎಡವಟ್ಟಾಗುವುದು ಭಾಷೆಯಲ್ಲಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಪರೀಕ್ಷೆ ಇಂಗ್ಲಿಷಿನಲ್ಲಿ. ಪದದ ಅರ್ಥ ತಿಳಿದಿದ್ದರೂ ಮಗು ಹೇಳಲಾರದೆ ಸುಮ್ಮನಾಗುತ್ತದೆ, ಅಂಕ ಬೀಳುತ್ತದೆ. ಯಾವ ಭಾಷೆಯಲ್ಲಿ ಮಾಡುತ್ತೀರಿ ಎಂದು ಮೊದಲೇ ಕೇಳಿ. ನೀವೇ ಪಕ್ಕದಲ್ಲಿ ಕೂತು ಅನುವಾದಿಸಬೇಡಿ, ಅದರಿಂದ ಫಲಿತಾಂಶ ಕೆಡುತ್ತದೆ. ಯಾವ ಪರೀಕ್ಷೆ ಎಂಬುದನ್ನೂ ಕೇಳಿ: ನಮ್ಮಲ್ಲಿ ಬಳಸುವ ಐಕ್ಯೂ ಪರೀಕ್ಷೆಗಳಲ್ಲೊಂದಾದ ಮಾಲಿನ್ ಮಾಪನದ ಮಾನದಂಡ ಅರ್ಧ ಶತಮಾನ ಹಳೆಯದು, ಅಂಥದ್ದರಲ್ಲಿ ಅಂಕಿ ತುಸು ಹೆಚ್ಚಾಗಿಯೇ ಬರುತ್ತದೆ.

ಐಕ್ಯೂ ಒಂದರಿಂದ ಕಲಿಕಾ ನ್ಯೂನತೆ (ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕದಲ್ಲಿ ತೊಡಕು) ಗೊತ್ತಾಗುವುದಿಲ್ಲ. ಓದು, ಉಕ್ತಲೇಖನ, ಲೆಕ್ಕಗಳಿಗೆ ಬೇರೆ ಪರೀಕ್ಷೆ ಬೇಕು. ನಿಮ್ಹಾನ್ಸ್ ರೂಪಿಸಿದ್ದು ಹೆಚ್ಚು ಬಳಕೆಯಲ್ಲಿದೆ. ಕನ್ನಡದ ಓದು ಬರಹವನ್ನೂ ನೋಡಿ ಎಂದು ಒತ್ತಾಯಿಸಿ. ಎಲ್ಲ ಸೇರಿ ಮೂರು ನಾಲ್ಕು ಗಂಟೆಯ ಕೆಲಸ, ಎರಡು ದಿನಕ್ಕೆ ಹಂಚಿದರೆ ಒಳ್ಳೆಯದು. ಬೆಳಿಗ್ಗೆ ತಿಂಡಿ ತಿನ್ನಿಸಿ ಕರೆದೊಯ್ಯಿರಿ. ಜ್ವರ, ನೆಗಡಿ ಇದ್ದರೆ ಮುಂದೂಡಿ. ಹಳೆಯ ಅಂಕಪಟ್ಟಿ, ತಿದ್ದದ ನೋಟ್ಸ್ ಪುಸ್ತಕ, ತಾಯಿ ಕಾರ್ಡ್, ಕ್ಲಾಸ್ ಟೀಚರ್ ಬರೆದ ಚೀಟಿ ಜತೆಗಿರಲಿ. ಮೊಬೈಲಿನಲ್ಲಿ ಸಿಗುವ ಐಕ್ಯೂ ಪ್ರಶ್ನೆಗಳನ್ನು ದಯವಿಟ್ಟು ಅಭ್ಯಾಸ ಮಾಡಿಸಬೇಡಿ.

ವರದಿಯಲ್ಲಿ ಪರೀಕ್ಷೆಗಳ ಹೆಸರು, ಭಾಷೆ, ಭಾಗವಾರು ಅಂಕ, ಪರೀಕ್ಷೆಯ ವೇಳೆ ಮಗು ಹೇಗಿದ್ದ ಎಂಬ ಟಿಪ್ಪಣಿ, ಕ್ಲಿನಿಕಲ್ ಸೈಕಾಲಜಿಸ್ಟರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರಬೇಕು. ತರಗತಿಯಲ್ಲಿ ಏನು ಮಾಡಬೇಕು ಎಂದು ಬರೆಯದ ವರದಿಯನ್ನು ನಾವು ಅರ್ಧ ವರದಿ ಎನ್ನುತ್ತೇವೆ. ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಖಾಸಗಿಯಲ್ಲಿ ಮಾಡಿಸಿದ ಕಲಿಕಾ ನ್ಯೂನತೆಯ ವರದಿ ಇದೆ. ಬೋರ್ಡ್ ಪರೀಕ್ಷೆಯಲ್ಲಿ ರಿಯಾಯಿತಿ ಪಡೆಯಲು ಅದು ಸಾಕೇ?
– ತಂದೆ, ಸುರತ್ಕಲ್

ಉತ್ತರ: ಸಾಲದು. ವರದಿ ಬೇರೆ, ಅಂಗವೈಕಲ್ಯ ಪ್ರಮಾಣಪತ್ರ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯ ಯುಡಿಐಡಿ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಆ ವರದಿಯೊಂದಿಗೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ: ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು. ಸಿಬಿಎಸ್‌ಇಯಲ್ಲಿ ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವಿದೆ. ಯಾವ ಬೋರ್ಡಾದರೂ ಅರ್ಜಿ ಶಾಲೆಯ ಮೂಲಕ ಹೋಗಬೇಕು, ಆದ್ದರಿಂದ ಒಂಬತ್ತನೇ ತರಗತಿಯ ಆರಂಭದಲ್ಲೇ ಹೆಡ್ಮಾಸ್ಟರರಲ್ಲಿ ಮಾತಾಡಿ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿ ಕೈಬಿಟ್ಟವರು ಬಹಳ.

ಪ್ರಶ್ನೆ: ಒಂದನೇ ತರಗತಿಯ ಮಗಳು ಅಕ್ಷರಗಳನ್ನು ತಿರುಗಿಸಿ ಬರೆಯುತ್ತಾಳೆ. ಡಿಸ್ಲೆಕ್ಸಿಯಾ (ಓದಿನ ತೊಡಕು) ಇರಬಹುದೇ?
– ಓದುಗರು, ಬ್ರಹ್ಮಾವರ

ಉತ್ತರ: ಆರು ವರ್ಷಕ್ಕೆ ಅದು ಸಾಮಾನ್ಯ, ಈಗಲೇ ಹೆಸರಿಡುವುದು ಬೇಡ. ಆದರೆ ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯಿತು ಎಂದು ಕೇಳಿ ನೋಡಿ. ತಡವರಿಸಿದರೆ ದಿನಕ್ಕೆ 15 ನಿಮಿಷ ಇಂಥ ಶಬ್ದದಾಟ ಆಡಿಸಿ, ಆಮೇಲೆ ಗುಣಿತಾಕ್ಷರ. ಎಂಟು ತುಂಬಿದ ಮೇಲೂ ಹಾಗೆಯೇ ಉಳಿದರೆ ಪರೀಕ್ಷೆ ಮಾಡಿಸಿ. ಪಾಠದ ಮಧ್ಯೆ ಕೆಲವು ಸೆಕೆಂಡು ಕಣ್ಣು ನೆಟ್ಟು, ಕರೆದರೂ ಓಗೊಡದಿದ್ದರೆ ಮಾತ್ರ ಕಾಯಬೇಡಿ. ಅದು ಒಂದು ಬಗೆಯ ಅಪಸ್ಮಾರವಿರಬಹುದು, ಮಕ್ಕಳ ವೈದ್ಯರಿಗೆ ತೋರಿಸಿ.