ಮಳೆಗಾಲದಲ್ಲೂ ಸಿಗುವ ಕೆಲಸ

ಮಾಪ್ಸಾದಿಂದ ಒಬ್ಬ ಅಕ್ಕ ಬರೆದಿದ್ದಾರೆ. ಬಾದಾಮಿ ಕಡೆಯವರು, ಗೋವಾಕ್ಕೆ ಬಂದು 20 ವರ್ಷ ಆಯ್ತು. ಗಂಡ ಅಸಗಾಂವ್‌ನಲ್ಲಿ ಒಂದು ವಿಲ್ಲಾದ ಕೇರ್‌ಟೇಕರ್. ಇವರು ಅದೇ ಓಣಿಯ ಮೂರು ಮನೆಗಳಲ್ಲಿ ಕಸ-ಮುಸುರೆ ಮಾಡುತ್ತಾರೆ. ಮಾಲೀಕರು ಡಿಸೆಂಬರ್‌ನಲ್ಲಿ ಬರುತ್ತಾರೆ, ಆಮೇಲೆ ಹೋಳಿಗೆ ನಾಲ್ಕು ದಿನ, ಉಳಿದಂತೆ ಮನೆಗೆ ಬೀಗ. ಮಗ ಈಗ ಹನ್ನೆರಡನೇ ಕ್ಲಾಸು. ಬೀಚ್ ಕಡೆಯ ಒಂದು ಹೋಟೆಲಿನವರು ‘ಸೀಸನ್‌ಗೆ ಬಾ’ ಅಂದಿದ್ದಾರಂತೆ. ‘ಇವನೂ ಇನ್ನೊಬ್ಬರ ಮನೆ ಬೀಗದ ಕೈ ಕಾಯ್ಕೊಂಡೇ ಇರಬೇಕಾ? ಹತ್ತು ವರ್ಷ ಆದ ಮೇಲೆ ಇಲ್ಲಿ ನಮ್ಮ ಮಕ್ಕಳಿಗೆ ಕೆಲಸ ಇರುತ್ತಾ, ಇಲ್ಲ ಬೆಂಗಳೂರಿಗೆ ಕಳಿಸಿಬಿಡಲಾ?’ ಅಂತ ಕೇಳಿದ್ದಾರೆ.

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಬೀಗದ ಕೈ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಸುತ್ತಿ ಬಳಸಿ ಹೇಳಲ್ಲ. ಕೆಲಸ ಇರುತ್ತೆ, ಇಲ್ಲೇ ಇರುತ್ತೆ. ಆದರೆ ಆ ಹೋಟೆಲಿಗೆ ಈಗಲೇ ಕಳಿಸಬೇಡಿ.

ಯಾಕೆ ಅಂದ್ರೆ, ಸೀಸನ್ ಅನ್ನೋದು ಅಕ್ಟೋಬರ್‌ನಿಂದ ಮಾರ್ಚ್. ಮೇ ಮುಗಿಯುವಷ್ಟರಲ್ಲಿ ಶ್ಯಾಕ್, ಅಂದ್ರೆ ಬೀಚಿನ ಮೇಲೆ ಹಾಕುವ ಗುಡಿಸಲು ಹೋಟೆಲು, ಬಿಚ್ಚಿ ಕಟ್ಟಿಗೆ ಒಟ್ಟಿಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳೂ ಕಡಲಿಗೆ ಇಳಿಯುವಂತಿಲ್ಲ. ಶ್ಯಾಕ್ ಹುಡುಗರು ಎಷ್ಟೋ ಮಂದಿ ಕೆಲಸಕ್ಕೆ ಮನಾಲಿ, ಲೇಹ್ ಅಂತ ಹೊರಟುಬಿಡುತ್ತಾರೆ. ನಮ್ಮ ಹಿರಿಯರಿಗೆ ಈ ಖಾಲಿ ತಿಂಗಳು ಅಷ್ಟು ಭಾರ ಆಗಿರಲಿಲ್ಲ. ರೋಹಿಣಿ, ಮಿರಗದ ಮಳೆಗೆ ಊರಿಗೆ ಹೋಗಿ ಹೆಸರು ಬಿತ್ತುತ್ತಿದ್ದರು, ಚೌತಿ ಹೊತ್ತಿಗೆ ರಾಶಿ ಮಾಡಿ, ಅದೇ ಹೊಲಕ್ಕೆ ಬಿಳಿಜೋಳ ಹಾಕಿ, ದಸರಾ ಮುಗಿಸಿಕೊಂಡು ವಾಸ್ಕೋ ರೈಲು ಹತ್ತುತ್ತಿದ್ದರು. ಆರು ತಿಂಗಳ ಸಂಬಳಕ್ಕೆ ಊರಿನ ಎರಡು ಎಕರೆ ಜೊತೆಗಿತ್ತು. ನಿಮ್ಮ ಮಗ ಮಾಪ್ಸಾದಲ್ಲಿ ಹುಟ್ಟಿ ಬೆಳೆದವನು, ಕೂರಿಗೆ ಹಿಡಿದವನಲ್ಲ ಅಲ್ವಾ? ಜೂನ್ ಬಂತು ಅಂದ್ರೆ ಸಂಬಳ ನಿಲ್ಲುತ್ತೆ, ಬಾಡಿಗೆ ನಿಲ್ಲಲ್ಲ.

ಗೋವಾದ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದೂ ಬದಲಾಗಿದೆ. ಕಬ್ಬಿಣದ ಅದಿರಿನ ಗಣಿ 2012ರಲ್ಲಿ ಒಮ್ಮೆ ನಿಂತಿತು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 88 ಲೀಸ್ ರದ್ದು ಮಾಡಿದ ಮೇಲೆ ಮತ್ತೆ ನಿಂತಿತು. ಪ್ರವಾಸಿಗಳ ಮೇಲಿನ ಭಾರ ಇನ್ನೂ ಜಾಸ್ತಿ ಆಯ್ತು. 2020ರಲ್ಲಿ ಲಾಕ್‌ಡೌನ್ ಬಂದು ಅದೂ ಮುಚ್ಚಿದಾಗ ನಮ್ಮವರು ಗಂಟು ಕಟ್ಟಿಕೊಂಡು ಊರಿಗೆ ಹೋಗಿದ್ದನ್ನು ನೀವೂ ನೋಡಿದ್ದೀರಿ. ಆಮೇಲೆ ದೆಹಲಿ, ಮುಂಬೈಯವರು ಮನೆಯಿಂದಲೇ ಆಫೀಸು ನಡೆಸಬಹುದು ಅಂತ ಅಸಗಾಂವ್, ಶಿವೋಲಿ, ಅಂಜುನಾದಲ್ಲಿ ಮನೆ ಮೇಲೆ ಮನೆ ತಗೊಂಡರು. 2023ರ ಜನವರಿಯಲ್ಲಿ ಮೋಪಾ ವಿಮಾನ ನಿಲ್ದಾಣ ಶುರುವಾಯ್ತು, ಪೆಡ್ಣೆ ಕಡೆಗೂ ವಿಲ್ಲಾ ಹಬ್ಬಿದವು.

ಈ ಮನೆಗಳಿಗೆ ಕೆಲಸಗಾರರು ಬೇಕಾಗುವುದು ಮಾಲೀಕರು ಬಂದಾಗ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಹಿಂದಿನ ಆಷಾಢದಲ್ಲಿ ಶಿವೋಲಿಯಲ್ಲಿ ಕೇರ್‌ಟೇಕರ್ ಆಗಿರುವ ನಮ್ಮ ಕಡೆಯ ಒಬ್ಬ ತಮ್ಮನ ಜೊತೆ ಒಂದು ಮನೆಗೆ ಹೋದೆ. ಮಾಲೀಕರ ಮಲಗುವ ಕೋಣೆಗೆ ಎರಡು ತಿಂಗಳಿಂದ ಬೀಗ. ತೆಗೆದ ಕೂಡಲೇ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಚರ್ಮದ ಚಪ್ಪಲಿ ಮೇಲೆ ಹಿಟ್ಟು ಉದುರಿಸಿದ ಹಾಗೆ ಬೂಷ್ಟು. ತೇಗದ ಬೀರು ಉಬ್ಬಿ ಬಾಗಿಲೇ ತೆರೆಯಲ್ಲ. ಎಸಿ ಹಾಕಿದರೆ ಟಕ್ ಅಂದು ನಿಂತಿತು, ಮುಚ್ಚಳ ಬಿಚ್ಚಿದರೆ ಒಳಗಿನ ಬೋರ್ಡಿನ ಮೇಲೆ ಸುಟ್ಟು ಕರಕಲಾದ ಹಲ್ಲಿ, ಸುತ್ತ ಉಪ್ಪುಗಾಳಿಗೆ ಹಸಿರುಗಟ್ಟಿದ ತಂತಿ. ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಾಗ ಇದು. ಆ ತಮ್ಮ ಇನ್ವರ್ಟರ್ ನೀರು, ಮೀಟರ್ ರೀಡಿಂಗ್, ಎಲ್ಲಿ ಸೋರುತ್ತೆ ಅನ್ನೋದನ್ನೆಲ್ಲ ಕನ್ನಡದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಟ್ಟಿದ್ದ. ಎಸಿ ಮೆಕ್ಯಾನಿಕ್‌ಗೆ ಫೋನ್ ಮೇಲೆ ಫೋನ್ ಮಾಡಿದ, ಅವನು ಬಂದದ್ದು ಐದನೇ ದಿನ. ಒಂದು ಗಂಟೆ ಕೆಲಸ. ಅವನು ತಗೊಂಡ ದುಡ್ಡು ನಮ್ಮ ತಮ್ಮನ ಒಂದು ವಾರದ ಸಂಬಳ.

ನಿಮ್ಮ ಮಗ ಆ ಐದನೇ ದಿನ ಬಂದವನ ಕೆಲಸ ಕಲಿಯಲಿ ಅಂತ ನನ್ನ ಆಸೆ. ಹೊಸ ವಿಲ್ಲಾ ಕಟ್ಟೋದು ಯಾವತ್ತೋ ನಿಲ್ಲಬಹುದು. ವಿದೇಶಿಯರೂ ಮೊದಲಿನಷ್ಟು ಬರುತ್ತಿಲ್ಲ. ಆದರೆ ಈಗಾಗಲೇ ಕಟ್ಟಿರುವ ಮನೆಗಳು ಪ್ರತಿ ಜೂನ್‌ನಲ್ಲೂ ಸೋರುತ್ತವೆ, ಪಂಪು ಕೆಡುತ್ತೆ, ಈಜುಕೊಳ ಪಾಚಿಗಟ್ಟುತ್ತೆ. ಮಾಪ್ಸಾದಲ್ಲೇ ಸರ್ಕಾರಿ ಐಟಿಐ ಇದೆ. ಎಲೆಕ್ಟ್ರಿಷಿಯನ್ ಅಥವಾ ಫ್ರಿಜ್-ಎಸಿ ಮೆಕ್ಯಾನಿಕ್ ಅಂದ್ರೆ ಎರಡು ವರ್ಷ, ಪ್ಲಂಬರ್ ಒಂದೇ ವರ್ಷ. ಯಾವ ಟ್ರೇಡ್ ಎಲ್ಲಿ ಸಿಗುತ್ತೆ ಅಂತ ಹೋಗಿ ಕೇಳೋಣ. ಅಡುಗೆ ಮೇಲೆ ನಿಜವಾಗಿ ಮನಸ್ಸಿದ್ದರೆ ಪರ್ವರಿಯ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಪ್ರವೇಶ ಪರೀಕ್ಷೆ ಬರೆಯಲಿ, ಅದು ಬೇರೆ ಮಾತು. ಸುಮ್ನೆ ಟ್ರೇ ಹಿಡಿಯೋದಕ್ಕೆ ಓದು ಬಿಡೋದು ಬೇಡ. ಬೆಂಗಳೂರು ಎಲ್ಲಿಗೂ ಹೋಗಲ್ಲ. ಕೈಯಲ್ಲಿ ಕಸುಬು ಇದ್ದರೆ ಆಮೇಲೂ ಹೋಗಬಹುದು.

ಇನ್ನೊಂದು, ಅವನಿಗೆ ಕೊಂಕಣಿ, ಹಿಂದಿ, ಕನ್ನಡ ಮೂರೂ ಬರುತ್ತವೆ ಅಂತ ನೀವು ಪತ್ರದ ಕೊನೆಯಲ್ಲಿ ಹೆದರಿ ಹೆದರಿ ಬರೆದಿದ್ದೀರಿ. ದೊಡ್ಡದಾಗಿ ಬರೆಯಬೇಕಿತ್ತು! ಇಲ್ಲಿನ ಸರ್ಕಾರಿ ನೌಕರಿಗೆ ಕೊಂಕಣಿ ಬೇಕು, 15 ವರ್ಷ ವಾಸದ ಸರ್ಟಿಫಿಕೇಟೂ ಬೇಕು. ಅದಕ್ಕೆ ಶಾಲೆಯ ದಾಖಲೆ, ರೇಷನ್ ಕಾರ್ಡು ಈಗಲೇ ಜೋಡಿಸಿಡಿ. ಮುಂದೆ ಕಂಪನಿಗೆ ಸೇರಿದರೆ ಪಿಎಫ್ (ಭವಿಷ್ಯ ನಿಧಿ) ಇದೆಯಾ, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಇದೆಯಾ ಅಂತ ಮೊದಲ ದಿನವೇ ಕೇಳಲಿ. ಕಂಪನಿಯಲ್ಲಿ 20 ಜನ ಕೆಲಸಗಾರರು ಇದ್ದರೆ ಪಿಎಫ್ ಕಟ್ಟಲೇಬೇಕು. 10 ಜನ ಇದ್ದರೆ, ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದವರಿಗೆ ಇಎಸ್ಐ. ಒಂದೇ ಮನೆ ಕಾಯುವ ನಿಮ್ಮ ಯಜಮಾನರಿಗೆ ಇವೆರಡೂ ಸಿಕ್ಕಿಲ್ಲ. ಆ ಸಂಕಟ ನನಗೂ ಇದೆ, ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.

ಭಾನುವಾರ ನಿಮಗೆ ಕೆಲಸ ಇರುತ್ತೆ ಅಂದಿದ್ದೀರಿ. ಗುರುವಾರ ಸಂಜೆ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬನ್ನಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಮರೆಯದೆ ತನ್ನಿ. ಶಿವೋಲಿಯ ಆ ತಮ್ಮನಿಗೂ ಬಾ ಅಂತ ಹೇಳಿದ್ದೇನೆ, ನೋಟ್‌ಬುಕ್ ಸಮೇತ.