ದಶಮಾಂಶ ಕೊಟ್ಟರೂ ಕೊರತೆ ಹೋಗಿಲ್ಲ, ಸಮೃದ್ಧಿ ಎಲ್ಲಿ?

ವೈಟ್‌ಫೀಲ್ಡ್‌ನಲ್ಲಿ ಒಳ್ಳೆ ಕೆಲಸ ಇದೆ, ಭಾನುವಾರ ಆರಾಧನೆ ತಪ್ಪಿಸುವುದಿಲ್ಲ, ಆದಾಯದ ಹತ್ತನೇ ಒಂದು ಪಾಲಾದ ದಶಮಾಂಶವನ್ನೂ ಚರ್ಚಿಗೆ ಕೊಡುತ್ತೇನೆ, ಆದರೂ ಏನೂ ಸಾಲದು ಅನ್ನಿಸುತ್ತದೆ, ಯೇಸು ಹೇಳಿದ ಸಮೃದ್ಧಿ ಎಲ್ಲಿದೆ ಎಂದು ಕೇಳಿದ್ದೀರಿ.

ದಶಮಾಂಶ ಹಾಕಿದರೆ ದುಪ್ಪಟ್ಟು ವಾಪಸ್ ಬರುತ್ತದೆ ಎಂದು ಯಾರಾದರೂ ನಿಮಗೆ ಬೋಧಿಸಿದ್ದರೆ, ಮೊದಲು ಅದನ್ನು ಬಿಟ್ಟುಬಿಡಿ. ಅದು ಚೀಟಿ ವ್ಯವಹಾರ. ಬೈಬಲಿನ ಯೋಹಾನ 10:10ರಲ್ಲಿ ಯೇಸು ಸಮೃದ್ಧಿಯ ಮಾತಾಡುವುದು ಕುರಿಗಳ ಬಗ್ಗೆ. ಅವಕ್ಕೆ ಬೇಕಾಗಿರುವುದು ಮೇವು, ಕಳ್ಳನಿಂದ ಕಾಪಾಡುವ ಕುರುಬ. ಮರು ವಚನದಲ್ಲೇ ಆ ಕುರುಬ ಕುರಿಗಳಿಗಾಗಿ ಪ್ರಾಣ ಕೊಡುತ್ತೇನೆ ಎನ್ನುತ್ತಾನೆ. ಸಂಬಳ ಏರುವ ಸುದ್ದಿ ಅಲ್ಲೆಲ್ಲೂ ಇಲ್ಲ.

ಈ ವಿಷಯದಲ್ಲಿ ನಾನು ಜಾಸ್ತಿ ಓದುವುದು ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನನ್ನು. ಫಿಲಿಪ್ಪಿ ಊರಿನ ಸಭೆಯವರಿಗೆ, ಅಂದರೆ ಅಲ್ಲಿನ ಕ್ರೈಸ್ತರಿಗೆ, ಪತ್ರ ಬರೆದಾಗ ಅವನು ಸೆರೆಯಲ್ಲಿದ್ದ. ಎಪಫ್ರೊದೀತ ಅನ್ನುವವನ ಕೈಯಲ್ಲಿ ಆ ಸಭೆಯವರು ಏನೋ ಸಹಾಯ ಕಳಿಸಿದ್ದರು. ಅದಕ್ಕೆ ಥ್ಯಾಂಕ್ಸ್ ಹೇಳುತ್ತಾ, ನನಗೆ ಬೇಕಾದಷ್ಟಿದೆ, ಮಿಕ್ಕೂ ಇದೆ ಎಂದು ಬರೆಯುತ್ತಾನೆ. ಕೈಗೆ ಬೇಡಿ ಬಿದ್ದವನು! ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತಿಯಿಂದ ಇರುವುದನ್ನು ಕಲಿತುಕೊಂಡಿದ್ದೇನೆ ಅಂತಾನೆ. ಅಂದರೆ ಅವನಿಗೂ ಇದು ಹುಟ್ಟಿನಿಂದ ಬಂದಿದ್ದಲ್ಲ. ನಮ್ಮವರು ಕಾರಿನ ಹಿಂದೆ ಅಂಟಿಸಿಕೊಳ್ಳುವ ‘ಎಲ್ಲಕ್ಕೂ ಶಕ್ತನಾಗಿದ್ದೇನೆ’ ಅನ್ನುವ ವಚನ ಬರುವುದು ಈ ಹಸಿವಿನ ಮಾತಾದ ತಕ್ಷಣ. ಹಿಂದಿನ ಸಾಲನ್ನು ಯಾರೂ ಅಂಟಿಸುವುದಿಲ್ಲ ಬಿಡಿ.

ಇನ್ನೊಂದು ಪತ್ರದಲ್ಲಿ, 2 ಕೊರಿಂಥ 8ರಲ್ಲಿ, ಪೌಲ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುತ್ತಿದ್ದಾನೆ. ಮಕೆದೋನ್ಯದ ಸಭೆಗಳು ಕಡುಬಡವರಾದರೂ ತಾವಾಗಿಯೇ ಧಾರಾಳವಾಗಿ ಕೊಟ್ಟವು ಎಂದು ಹೇಳಿ, ಅಲ್ಲಿಗೆ ಮನ್ನದ, ಅಂದರೆ ದೇವರು ಇಸ್ರಾಯೇಲರಿಗೆ ಅರಣ್ಯದಲ್ಲಿ ಕೊಟ್ಟ ಆಹಾರದ, ಕಥೆ ತರುತ್ತಾನೆ. ಅರಣ್ಯದಲ್ಲಿ ಜಾಸ್ತಿ ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗಿರಲಿ ಎಂದು ಎತ್ತಿಟ್ಟಿದ್ದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಎತ್ತಿಟ್ಟಿದ್ದು ಮಾತ್ರ ಕೆಡಲಿಲ್ಲ. ಹಾಗಾಗಿ ಪಿಎಫ್ ತೆಗೆದು ಹಂಚಿಬಿಡಿ ಎಂದು ನಾನು ಹೇಳುತ್ತಿಲ್ಲ. ನನಗೆ ಕಾಣುವುದು ಇಷ್ಟೇ: ಬೈಬಲಿನಲ್ಲಿ ಸಮೃದ್ಧಿ ಅನ್ನುವುದು ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ, ಪಕ್ಕದ ಮನೆಗೂ ಹೋಗಬೇಕು.

ಬೆಳೆದದ್ದರ ಮೊದಲ ಪಾಲನ್ನು ದೇವರಿಗೆ ಒಪ್ಪಿಸುವ ನಮ್ಮ ಕನ್ನಡ ಸಭೆಯ ಹಾರ್ವೆಸ್ಟ್ ಹಬ್ಬದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಬೆಂಗಳೂರಿನಲ್ಲಿ ಯಾರಿಗೆ ಹೊಲ ಇದೆ ಹೇಳಿ? ಅರ್ಧ ಜನ ಕೆ.ಆರ್. ಮಾರ್ಕೆಟ್‌ನಲ್ಲಿ ಕೊಂಡಿದ್ದನ್ನೇ ‘ಪ್ರಥಮ ಫಲ’ ಎಂದು ತಂದಿಡುತ್ತಾರೆ. ಬಾಳೆಗೊನೆ, ನುಗ್ಗೆಕಾಯಿ, ಮೊಟ್ಟೆ, ಕಾಲು ಕಟ್ಟಿದ ಒಂದು ನಾಟಿಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ಸಲ ಒಂದು ಸಿಹಿಗುಂಬಳವನ್ನು ಒಬ್ಬ ಅಂಕಲ್ ಎಂಟುನೂರಕ್ಕೆ ಹಿಡಿದರು. ದುಡ್ಡು ಎಣಿಸಿ ಕೊಟ್ಟು, ‘ಇನ್ನೊಂದು ಸಲ ಕೂಗಿಪ್ಪಾ’ ಎಂದು ಕಾಯಿಯನ್ನು ವಾಪಸ್ ಮೇಜಿನ ಮೇಲಿಟ್ಟರು. ಮತ್ತೆ ಇನ್ನೊಬ್ಬರು ಕೊಂಡರು, ಅವರೂ ಇಟ್ಟರು. ಕೊನೆಗೆ ಅದು ಸಭೆಯ ಅಡುಗೆಮನೆಗೆ ಹೋಗಿ ಸಾಂಬಾರಾಯಿತು. ಆ ಅಂಕಲ್ ಓಡಿಸುವುದು ಹಳೇ ಲೂನಾ. ಕೊರತೆಯ ಮಾತು ಅವರ ಬಾಯಲ್ಲಿ ನಾನಂತೂ ಕೇಳಿಲ್ಲ.

ಬಾಡಿಗೆ ಕಟ್ಟಲು ಪರದಾಡುವವರಿಗೆ ತೃಪ್ತಿಯ ಪಾಠ ಹೇಳುವುದು ಕ್ರೂರ. ಅವರಿಗೆ ಬೇಕಾಗಿರುವುದು ಬಾಡಿಗೆ. ಆದರೆ ನಿಮ್ಮ ಪರಿಸ್ಥಿತಿ ಅದಲ್ಲ, ಅಲ್ವಾ? ದಶಮಾಂಶ ತಿಂಗಳಿಗೊಮ್ಮೆ ಫೋನಿನಿಂದಲೇ ಹೋಗುತ್ತದೆ ಎಂದೂ ಬರೆದಿದ್ದೀರಿ. ಹಾಗೆ ಹೋದರೆ ಅದೂ ಒಂದು ಇಎಂಐ ಆಗಿಬಿಡುತ್ತದೆ. ಅದು ಹೋಗುತ್ತಿರಲಿ, ನಿಲ್ಲಿಸಬೇಡಿ. ಜೊತೆಗೆ ಸಭಾಪಾಲಕರನ್ನು ಒಂದು ಸಲ ಕೇಳಿ. ಈ ಸಲ ಮಗುವಿನ ಶಾಲೆ ಫೀಸು ಕಟ್ಟಲಾಗದ ಮನೆ ಯಾವುದು ಎಂದು ಅವರಿಗೆ ಗೊತ್ತಿರುತ್ತದೆ. ಆ ಮನೆಗೆ ನೀವೇ ಹೋಗಿ, ಒಂದು ಲೋಟ ಟೀ ಕುಡಿದು ಬನ್ನಿ.