ಬಿಸಿಎ (ಕಂಪ್ಯೂಟರ್ ಪದವಿ) ಓದದೆ ಎಂಸಿಎ (ಕಂಪ್ಯೂಟರ್ ಸ್ನಾತಕೋತ್ತರ ಪದವಿ) ಸೇರಿದವರ, ಸೇರುವವರ ಪ್ರಶ್ನೆಗಳು

ಪ್ರಶ್ನೆ: ಬಿ.ಎಸ್ಸಿ.ಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿ ಈಗ ಎಂಸಿಎ ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕ್ಲಾಸಿನಲ್ಲಿ ಬಿಸಿಎ ಮಾಡಿದವರೇ ಜಾಸ್ತಿ, ಅವರಿಗೆ ಎಲ್ಲಾ ಗೊತ್ತು. ನನಗೆ ಲಿಂಕ್ಡ್ ಲಿಸ್ಟ್ ಹತ್ತಿರವೇ ತಲೆ ನಿಂತುಹೋಗಿದೆ. ಲ್ಯಾಬ್ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ. ಎರಡೇ ವರ್ಷದಲ್ಲಿ ಇದೆಲ್ಲಾ ಆಗುತ್ತಾ? ಬಿಟ್ಟುಬಿಡಲೇ?
– ಓದುಗ, ಹಾವೇರಿ

ಉತ್ತರ: ಬಿಡಬೇಡಿ. ಅವರು ನಿಮಗಿಂತ ಬುದ್ಧಿವಂತರು ಅಂತ ಅಲ್ಲ, ನಿಮಗಿಂತ ಮೂರು ವರ್ಷ ಮೊದಲು ಶುರು ಮಾಡಿದ್ದಾರೆ, ಅಷ್ಟೇ. ಹಿಂದೆ ಎಂಸಿಎ ಮೂರು ವರ್ಷ ಇತ್ತು. ಬಿಸಿಎ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೇ ಸೇರಬಹುದಿತ್ತು, ನಿಮ್ಮಂಥವರಿಗೆ ಬುನಾದಿ ಹಾಕಿಕೊಳ್ಳಲು ಒಂದು ಪೂರ್ತಿ ವರ್ಷ ಸಿಗುತ್ತಿತ್ತು. 2020-21ರಿಂದ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಕೋರ್ಸನ್ನು ಎರಡು ವರ್ಷಕ್ಕೆ ಇಳಿಸಿತು. ಆ ಒಂದು ವರ್ಷದ ಜಾಗದಲ್ಲಿ ಈಗ ನಿಮಗೆ ಸಿಗುವುದು ಬ್ರಿಡ್ಜ್ ಕೋರ್ಸ್, ಅಂದರೆ ಮೊದಲು ಓದದಿದ್ದ ವಿಷಯ ತುಂಬಿಕೊಡುವ ಪಾಠ, ಮಾತ್ರ. ಅದನ್ನು ಸುಮ್ನೆ ಪಾಸಾದರೆ ಸಾಕು ಅಂತ ಓದುವವರೇ ಜಾಸ್ತಿ, ನೀವು ಹಾಗೆ ಮಾಡಬೇಡಿ. ಕೊನೆಯ ಸೆಮಿಸ್ಟರ್ ಬಹುಪಾಲು ಪ್ರಾಜೆಕ್ಟಿಗೇ ಹೋಗುತ್ತದೆ, ಹಾಗಾಗಿ ಕಲಿಯಲು ನಿಜವಾಗಿ ಉಳಿಯುವುದು ಮೂರು ಸೆಮಿಸ್ಟರ್.

ಬಾಯಿಪಾಠ ಮಾತ್ರ ಇವತ್ತೇ ನಿಲ್ಲಿಸಿ. ಲ್ಯಾಬ್ ಪರೀಕ್ಷೆ ದಾಟಬಹುದು, ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) 'ಈ ಸಾಲು ತೆಗೆದರೆ ಏನಾಗುತ್ತದೆ' ಅಂತ ಒಂದು ಪ್ರಶ್ನೆ ಬಂದರೆ ಬಾಯಿ ಕಟ್ಟಿಹೋಗುತ್ತದೆ, ಮುಂದೆ ಕೆಲಸದ ಇಂಟರ್‌ವ್ಯೂನಲ್ಲೂ ಕೇಳುವುದು ಇಂಥದ್ದನ್ನೇ.

ಲಿಂಕ್ಡ್ ಲಿಸ್ಟನ್ನೇ ತೆಗೆದುಕೊಳ್ಳಿ. ಮಾಹಿತಿಯ ತುಣುಕುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸಾಲಾಗಿ ಇಡುವ ವಿಧಾನ ಅದು, ಒಂದೊಂದು ತುಣುಕೂ ಒಂದು ನೋಡ್. ನೋಡನ್ನು ಮನೆ ಅಂದುಕೊಳ್ಳಿ. ಊರಲ್ಲಿ ಮನೆಗಳು ಒಂದೊಂದು ಕಡೆ ಚದುರಿವೆ. ಪ್ರತಿ ಮನೆಯಲ್ಲೂ ಒಂದು ಚೀಟಿ ಇದೆ, ಅದರಲ್ಲಿ ಮುಂದಿನ ಮನೆಯ ವಿಳಾಸ ಮಾತ್ರ ಇದೆ. ಆ ಚೀಟಿಯೇ ಪಾಯಿಂಟರ್. ಕೊನೆಯ ಮನೆಯ ಚೀಟಿ ಖಾಲಿ, ಅದು ನಲ್. ಈಗ ಎರಡನೇ ಮನೆಗೂ ಮೂರನೇ ಮನೆಗೂ ನಡುವೆ ಹೊಸ ಮನೆ ಸೇರಿಸಬೇಕು. ಮೊದಲು ಯಾವ ಚೀಟಿ ಬರೆಯುತ್ತೀರಿ? ಎರಡನೇ ಮನೆಯ ಚೀಟಿಯನ್ನು ಮೊದಲೇ ಅಳಿಸಿ ಹೊಸ ಮನೆಯ ವಿಳಾಸ ಬರೆದರೆ ಮೂರನೇ ಮನೆಗೆ ಹೋಗುವ ದಾರಿಯೇ ಕಳೆದುಹೋಯಿತು, ಅದರ ಮುಂದಿನ ಎಲ್ಲಾ ಮನೆಗಳೂ ಹೋದವು! ಅದಕ್ಕೇ ಮೊದಲು ಹೊಸ ಮನೆಯ ಚೀಟಿಯಲ್ಲಿ ಮೂರನೇ ಮನೆಯ ವಿಳಾಸ ಬರೆದುಕೊಳ್ಳಬೇಕು, ಆಮೇಲೆ ಎರಡನೇ ಮನೆಯ ಚೀಟಿ ಬದಲಿಸಬೇಕು. ನೀವು ಬಾಯಿಪಾಠ ಮಾಡಿದ ಪ್ರೋಗ್ರಾಂನಲ್ಲಿ ಆ ಎರಡು ಸಾಲು ಅದೇ ಕ್ರಮದಲ್ಲಿ ಇರುವುದು ಇದಕ್ಕೇ. ಕಾಗದದ ಮೇಲೆ ಚೌಕ, ಬಾಣ ಬರೆದು ಅಳಿಸಿ ನೋಡಿ. ಆಮೇಲೆ ಪುಸ್ತಕ ಮುಚ್ಚಿ ಟೈಪ್ ಮಾಡಿ. ತಪ್ಪು ಬರುತ್ತದೆ, ಬರಲಿ, ಆ ತಪ್ಪನ್ನು ಹುಡುಕುವಾಗಲೇ ಪಾಠ ತಲೆಗೆ ಹತ್ತುವುದು.

ಕನ್ನಡ ಮಾಧ್ಯಮ ಅಂತ ಕುಗ್ಗಬೇಡಿ. ಸ್ಟ್ಯಾಕ್, ಕ್ಯೂ, ನೋಡ್ ಅನ್ನುವ ಪದಗಳು ಹಾಗೇ ಇರಲಿ, ವಿವರಣೆಯನ್ನು ಮಾತ್ರ ನೋಟ್ಸ್‌ನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಅರ್ಥ ಆಗಿದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಆಮೇಲೆ ಕಲಿಯಬಹುದು. ಎನ್‌ಪಿಟೆಲ್‌ನಲ್ಲಿ (ಆನ್‌ಲೈನ್ ವಿಡಿಯೊ ಪಾಠಗಳ ತಾಣ) ಐಐಟಿ ಮೇಷ್ಟ್ರುಗಳ ಪಾಠಗಳು ಉಚಿತವಾಗಿವೆ, ನಿಲ್ಲಿಸಿ ನಿಲ್ಲಿಸಿ ಎಷ್ಟು ಸಲ ಬೇಕಾದರೂ ನೋಡಬಹುದು. ಇನ್ನೊಂದು ಮಾತು: ಬಿಸಿಎ ಮಾಡಿದ ಒಬ್ಬರ ಜೊತೆ ಕೂತು ಓದಿ. ಡಿಸ್ಕ್ರೀಟ್ ಮ್ಯಾಥ್ಸ್ (ಕಂಪ್ಯೂಟರ್ ಓದಿಗೆ ಬೇಕಾದ ಗಣಿತ) ಬಂದಾಗ ಅವರೇ ನಿಮ್ಮ ಹತ್ತಿರ ಬರುತ್ತಾರೆ, ನೀವು ಗಣಿತ ಓದಿದವರು ಅಲ್ವಾ?

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ, ಪಿಯುಸಿಯಲ್ಲಿ ಗಣಿತ ಇರಲಿಲ್ಲ. ಎಂಸಿಎ ಸೇರಬಹುದಾ?
– ಓದುಗಿ, ತುಮಕೂರು

ಉತ್ತರ: ಹಿಂದೆ ಪಿಯುಸಿಯಲ್ಲಿ ಅಥವಾ ಡಿಗ್ರಿಯಲ್ಲಿ, ಎರಡರಲ್ಲಿ ಒಂದು ಕಡೆ ಗಣಿತ ಓದಿರಲೇಬೇಕಿತ್ತು. ಈಗ ಎಐಸಿಟಿಇ ನಿಯಮದಲ್ಲಿ ಗಣಿತ ಇದ್ದರೆ ಒಳ್ಳೆಯದು ಅಂತಷ್ಟೇ ಇದೆ, ಇಲ್ಲದವರು ಬ್ರಿಡ್ಜ್ ಕೋರ್ಸ್ ಮಾಡಬೇಕು; ಆದರೆ ನಿಮ್ಮ ವಿಶ್ವವಿದ್ಯಾಲಯ ಏನು ಹೇಳುತ್ತದೆ ಅಂತ ಕೇಳಿಕೊಳ್ಳಿ. ಡಿಗ್ರಿಯಲ್ಲಿ ಶೇ 50 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಶೇ 45. ನಿಮ್ಮ ಬಿ.ಕಾಂ. ಅಂಕಪಟ್ಟಿಯಲ್ಲಿ ಬಿಸಿನೆಸ್ ಮ್ಯಾಥ್ಸ್ ಇದೆಯಾ ನೋಡಿ. ಇದ್ದರೆ ಅದು ಲೆಕ್ಕಕ್ಕೆ ಬರುತ್ತದಾ, ಇಲ್ಲದಿದ್ದರೆ ಗಣಿತ ಇಲ್ಲದೆಯೂ ಸೇರಿಸಿಕೊಳ್ಳುತ್ತಾರಾ ಅಂತ ನೀವು ಸೇರಬೇಕೆಂದಿರುವ ಕಾಲೇಜಿನ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಇದನ್ನು ಪಿಜಿಸಿಇಟಿಗೆ (ಸ್ನಾತಕೋತ್ತರ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆಗೆ) ಅರ್ಜಿ ಹಾಕುವ ಮೊದಲೇ ಮಾಡಿ. 'ಮ್ಯಾನೇಜ್‌ಮೆಂಟ್ ಸೀಟಿಗೆ ಗಣಿತ ಬೇಡ, ಮೊದಲು ದುಡ್ಡು ಕಟ್ಟಿ' ಅಂತ ಯಾರಾದರೂ ಹೇಳಿದರೆ ಕಟ್ಟಬೇಡಿ. ಅರ್ಹತೆಯ ನಿಯಮ ಆ ಸೀಟಿಗೂ ಇದೆ. ವಿಶ್ವವಿದ್ಯಾಲಯ ನಿಮ್ಮ ಪ್ರವೇಶಕ್ಕೆ ಒಪ್ಪಿಗೆ ಕೊಡದಿದ್ದರೆ ವರ್ಷವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.